ನಾಟಿ ಕಾಲದ ಜ್ವರ, ಊರಲಾಗದ ಕಾಲು: ಕುಮಟಾ ಕಡೆಯ ಒಂದು ಪ್ರಕರಣ ಅಧ್ಯಯನ

ಹುಡುಗನಿಗೆ ಒಂಬತ್ತು ವರ್ಷ, ತೂಕ 24 ಕಿಲೊ. ಮನೆ ಅಘನಾಶಿನಿ ದಂಡೆಯ ಹಳ್ಳಿಯಲ್ಲಿ. ಜುಲೈ ತಿಂಗಳು, ಗದ್ದೆ ನಾಟಿ ನಡೆಯುತ್ತಿದ್ದ ಸಮಯ. ಬಲಗಾಲಿನ ಹಿಮ್ಮಡಿ ಹತ್ತಿರ ಒಣಗುತ್ತ ಬಂದ ಒಂದು ಗೀರುಗಾಯ. ಐದು ದಿನದಿಂದ ಜ್ವರ, ನಾಲ್ಕು ದಿನದಿಂದ ಬಲಮೊಣಕಾಲಿನ ಕೆಳಗೆ ನೋವು, ಆಸ್ಪತ್ರೆಗೆ ಬಂದ ದಿನ ಕಾಲು ನೆಲಕ್ಕೆ ಊರಲೇ ಆಗುತ್ತಿರಲಿಲ್ಲ. (ಇದು ಯಾವುದೇ ಒಂದು ಮಗುವಿನ ದಾಖಲೆಯಲ್ಲ. ಕರಾವಳಿಯಲ್ಲಿ ಮಕ್ಕಳ ಎಲುಬಿನ ಸೋಂಕು ಸಾಗುವ ರೀತಿಯನ್ನು ತೋರಿಸಲು ಕಲಿಕೆಗಾಗಿ ಕಟ್ಟಿದ ಪ್ರಕರಣ.)

ಜ್ವರ ಬರುವ ಎರಡು ದಿನ ಮೊದಲು ಹುಡುಗ ಗದ್ದೆಯಂಚಿನಲ್ಲಿ ಜಾರಿ ಬಿದ್ದಿದ್ದ. ಹಾಗಾಗಿ ಮನೆಯವರು ಉಳುಕು ಎಂದುಕೊಂಡು ಎಣ್ಣೆ ತಿಕ್ಕಿ ನೀವಿದರು, ಸೊಪ್ಪಿನ ಲೇಪ ಕಟ್ಟಿದರು. ಮೂರನೇ ದಿನ ಚಳಿ ನಡುಕ ಬಂದಾಗ ಹತ್ತಿರದ ವೈದ್ಯರು ಇಲಿಜ್ವರದ ಶಂಕೆಯಲ್ಲಿ ಎರಡು ದಿನ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರು. ಜ್ವರ ಸ್ವಲ್ಪ ಇಳಿದು ಮತ್ತೆ ಏರಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಮಳೆಗಾಲದಲ್ಲಿ ಜ್ವರ, ಕಾಲುನೋವು ಎಂದ ಕೂಡಲೇ ಇಲ್ಲಿ ಮೊದಲು ಇಲಿಜ್ವರದ ನೆನಪಾಗುವುದೇ ಸರಿ. ಆದರೆ ಇಲಿಜ್ವರದ ನೋವೇ ಬೇರೆ, ಎಲುಬಿನ ಸೋಂಕಿನ ನೋವೇ ಬೇರೆ. ಇಲಿಜ್ವರದಲ್ಲಿ ಎರಡೂ ಮೀನಖಂಡ ಹಿಂಡಿದಂತೆ ನೋಯುತ್ತವೆ. ಎಲುಬಿನ ಸೋಂಕಿನಲ್ಲಿ ಒಂದೇ ಕಾಲು, ಒಂದೇ ಜಾಗ, ಮಗು ಒಂದು ಬೆರಳಿನಿಂದ ತೋರಿಸಬಲ್ಲಷ್ಟು ಖಚಿತ.

ಇವನಲ್ಲೂ ಹಾಗೇ ಇತ್ತು. ಜ್ವರ 39.4 ಡಿಗ್ರಿ ಸೆಲ್ಸಿಯಸ್, ನಾಡಿ 132. ಮೊಣಕಾಲ ಗಂಟಿನ ಗೆರೆಯಿಂದ ಸುಮಾರು 3 ಸೆಂ.ಮೀ. ಕೆಳಗೆ, ಕಣಕಾಲಿನ (ಮೊಣಕಾಲು–ಪಾದದ ನಡುವಿನ ದೊಡ್ಡ ಎಲುಬಿನ) ಒಳಬದಿಯಲ್ಲಿ ಬೆರಳ ತುದಿ ಒತ್ತಿದರೆ ಚೀರುತ್ತಿದ್ದ. ಅಲ್ಲಿ ಚರ್ಮ ಬಿಸಿ, ಸಣ್ಣ ಊತ, ಕೆಂಪು ಅಷ್ಟಿಲ್ಲ. ಮೊಣಕಾಲಲ್ಲಿ ತುಸು ನೀರು ತುಂಬಿತ್ತು, ಆದರೂ ಗಂಟನ್ನು ನಿಧಾನವಾಗಿ 30–40 ಡಿಗ್ರಿ ಮಡಚಲು ಬಿಡುತ್ತಿದ್ದ. ಗಂಟಿನೊಳಗೇ ಕೀವಾಗಿದ್ದರೆ ಮಗು ಐದು ಡಿಗ್ರಿಯನ್ನೂ ಅಲುಗಿಸಗೊಡುವುದಿಲ್ಲ. ಅನುಮಾನ ಉಳಿದರೆ ಸೂಜಿ ಹಾಕಿ ಗಂಟಿನ ನೀರು ತೆಗೆದು ನೋಡಬೇಕು. ಸೂಜಿ ಮಾತ್ರ ಊದಿದ ಚರ್ಮವನ್ನು ಹಾಯ್ದು ಒಳಹೋಗಬಾರದು, ಹೋದರೆ ಶುದ್ಧವಾಗಿದ್ದ ಗಂಟಿಗೆ ನಾವೇ ಸೋಂಕು ಒಯ್ದಂತಾಗುತ್ತದೆ.

ಮಕ್ಕಳಲ್ಲಿ ಕೀವು ಎಲುಬಿನ ತುದಿಯ ಹತ್ತಿರವೇ ಸೇರಲು ಕಾರಣ ಅಲ್ಲಿನ ರಕ್ತನಾಳಗಳ ರಚನೆ. ಬೆಳವಣಿಗೆಯ ತಟ್ಟೆಯ (ಎಲುಬು ಉದ್ದಕ್ಕೆ ಬೆಳೆಯುವ ಮೆತ್ತನೆಯ ಪದರದ) ಬುಡಕ್ಕೆ ಬಂದ ಸಣ್ಣ ಅಪಧಮನಿಗಳು ಅಲ್ಲಿಂದ ಮುಂದೆ ದಾರಿಯಿಲ್ಲದೆ ಥಟ್ಟನೆ ಹಿಂತಿರುಗಿ ಅಗಲವಾದ ಸಿರೆಗಳಿಗೆ ಸೇರುತ್ತವೆ. ಅಲ್ಲಿ ಹರಿವು ನಿಧಾನ, ಕ್ರಿಮಿ ನುಂಗುವ ಜೀವಕೋಶಗಳೂ ಕಡಿಮೆ. ರಕ್ತದಲ್ಲಿ ತೇಲಿಬಂದ ಕ್ರಿಮಿ ಅಲ್ಲೇ ನೆಲೆಯೂರುತ್ತದೆ. ಬಿದ್ದ ಪೆಟ್ಟಿನಿಂದ ಕಟ್ಟಿದ ಚೂರು ರಕ್ತವೂ ಅದಕ್ಕೆ ಅನುಕೂಲ, ಹಾಗಾಗಿ 'ಬಿದ್ದಿದ್ದ' ಎಂಬ ಮಾತು ಸುಳ್ಳಲ್ಲ, ಪೂರ್ತಿ ಕಾರಣವೂ ಅಲ್ಲ. ಕೀವಿನ ಒತ್ತಡ ಏರಿದಂತೆ ಅದು ಎಲುಬಿನ ಸೂಕ್ಷ್ಮ ಕಾಲುವೆಗಳಲ್ಲಿ ನುಸುಳಿ ಹೊರಗೋಡೆಯನ್ನು ದಾಟಿ ಎಲುಬನ್ನು ಹೊದ್ದಿರುವ ಮೇಲ್ಪೊರೆಯನ್ನು ಎಬ್ಬಿಸುತ್ತದೆ. ಮಕ್ಕಳ ಮೇಲ್ಪೊರೆ ದಪ್ಪ, ಆದರೆ ಎಲುಬಿಗೆ ಸಡಿಲವಾಗಿ ಅಂಟಿರುತ್ತದೆ, ಸಲೀಸಾಗಿ ಏಳುತ್ತದೆ. ಮೇಲ್ಪೊರೆ ಎದ್ದಲ್ಲಿ ಹೊರಗಿನ ರಕ್ತ ತಪ್ಪಿತು, ಒಳಗಿನದು ಆಗಲೇ ಕೀವಿನ ಒತ್ತಡಕ್ಕೆ ನಿಂತಿತ್ತು. ಎರಡೂ ಕಡೆಯ ರಕ್ತ ನಿಂತರೆ ಆ ಎಲುಬಿನ ತುಂಡು ಸಾಯುತ್ತದೆ, ಮುಂದೆ ವರ್ಷಗಟ್ಟಲೆ ಸೋರುವ ಹುಣ್ಣಿಗೆ ಬೀಜವಾಗುತ್ತದೆ. ಶಸ್ತ್ರಕ್ರಿಯೆಗೆ ಆತುರ ಪಡುವುದು ಇದೇ ಕಾರಣಕ್ಕೆ.

ಎಕ್ಸ್‌ರೇಯಲ್ಲಿ ಎಲುಬು ಸರಿಯಾಗಿತ್ತು, ಸುತ್ತಲ ಮಾಂಸ ಊದಿದ್ದು ಬಿಟ್ಟರೆ ಏನೂ ಇಲ್ಲ. ಇಲ್ಲೇ ಬಹಳ ಮಕ್ಕಳು ಮನೆಗೆ ವಾಪಸಾಗುತ್ತಾರೆ. ಎಲುಬಿನ ಸುಣ್ಣದಂಶ ಮೂರನೇ ಒಂದು ಪಾಲಿನಷ್ಟಾದರೂ ಕರಗದೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದಕ್ಕೆ 7ರಿಂದ 14 ದಿನ ಹಿಡಿಯುತ್ತದೆ. ಮೊದಲ ವಾರದ ಎಕ್ಸ್‌ರೇ ತೆಗೆಯುವುದು ಮುರಿತ ಅಥವಾ ಗಡ್ಡೆ ಇಲ್ಲವೆಂದು ತಿಳಿಯಲು, ಮುಂದೆ ಹೋಲಿಸಿ ನೋಡಲು. ಸೋಂಕು ಇಲ್ಲ ಎನ್ನಲು ಅದು ಸಾಕ್ಷಿಯೇ ಅಲ್ಲ. ಬಿಳಿ ರಕ್ತಕಣ 17,800. ಮೈಯಲ್ಲಿನ ಉರಿಯೂತ ಅಳೆಯುವ ರಕ್ತಪರೀಕ್ಷೆಗಳಲ್ಲಿ ಸಿಆರ್‌ಪಿ ಲೀಟರಿಗೆ 148 ಮಿ.ಗ್ರಾಂ., ಇಎಸ್‌ಆರ್ ಗಂಟೆಗೆ 78 ಮಿ.ಮೀ. ಅಲ್ಟ್ರಾಸೌಂಡ್‌ನಲ್ಲಿ ಕಣಕಾಲಿನ ಮೇಲ್ತುದಿಯ ಒಳಬದಿಯಲ್ಲಿ ಮೇಲ್ಪೊರೆ ಎದ್ದು, ಅದರಡಿ 6 ಮಿ.ಮೀ. ದಪ್ಪ, 4 ಸೆಂ.ಮೀ. ಉದ್ದದ ದ್ರವ.

ಎಂಆರ್‌ಐ ಆಗಿದ್ದರೆ ಒಳ್ಳೆಯದೇ. ಮಜ್ಜೆಯಲ್ಲಿ ಎಷ್ಟು ದೂರ ಹರಡಿದೆ, ಹಿಂಬದಿಯಲ್ಲೂ ಕೀವಿದೆಯೇ ಎಂದು ತೋರಿಸುತ್ತಿತ್ತು. ಅಂದು ಅದು ಹತ್ತಿರದಲ್ಲಿ ಸಿಗುವಂತಿರಲಿಲ್ಲ. ಕುಮಟಾದಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಮಳೆಯಲ್ಲಿ ಕಳಿಸುವುದೆಂದರೆ ಅರ್ಧ ದಿನ ಹೋದಂತೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು, ಶಿರಸಿ ದಾರಿಯ ದೇವಿಮನೆ ಘಟ್ಟವನ್ನೂ ಮಳೆಗಾಲದಲ್ಲಿ ನೆಚ್ಚುವಂತಿಲ್ಲ. ಕೀವಿದೆ ಎಂದು ಅಲ್ಟ್ರಾಸೌಂಡ್ ಹೇಳಿದ ಮೇಲೆ, ಅರಿವಳಿಕೆ ತಜ್ಞರೂ ಮೂಳೆ ಶಸ್ತ್ರವೈದ್ಯರೂ ಇರುವಲ್ಲಿ ಎಂಆರ್‌ಐಗಾಗಿ ಕಾಯುವುದು ತಪ್ಪು ಎಂಬುದೇ ನಮ್ಮ ಅಭಿಪ್ರಾಯ. ಕೀವು ಕಟ್ಟದ, ಎರಡು ದಿನದೊಳಗೆ ಬಂದ ಮಗುವಿಗೆ ಬರೀ ಆ್ಯಂಟಿಬಯೋಟಿಕ್ ಸಾಕಾಗುತ್ತದೆ. 48ರಿಂದ 72 ಗಂಟೆಯಲ್ಲಿ ಇಳಿಯದಿದ್ದರೆ ಆಗ ಕತ್ತಿ. ಇವನದು ಆ ಗುಂಪಲ್ಲ.

ಔಷಧಿ ಕೊಡುವ ಮೊದಲು ಕಲ್ಚರಿಗೆ, ಅಂದರೆ ಕ್ರಿಮಿ ಬೆಳೆಸಿ ಗುರುತಿಸುವ ಪರೀಕ್ಷೆಗೆ, ರಕ್ತ ತೆಗೆಯಬೇಕು. ಎರಡು ಬಾಟಲಿ, ಈ ತೂಕದ ಮಗುವಿಗೆ ಒಂದೊಂದಕ್ಕೂ 10 ಮಿ.ಲೀ.ವರೆಗೆ. ಒಂದೆರಡು ಮಿ.ಲೀ. ಹಾಕಿ ಕಳಿಸಿದರೆ ಕ್ರಿಮಿ ಇದ್ದರೂ ಸಿಗದೆ ಹೋಗುತ್ತದೆ. ಮಗು ಸ್ಥಿರವಾಗಿದ್ದು ಎರಡು ಮೂರು ಗಂಟೆಯಲ್ಲಿ ಥಿಯೇಟರ್ ಸಿಗುವುದಾದರೆ ಕೀವಿನ ಮಾದರಿ ಕೈಗೆ ಬರುವ ತನಕ ಆ್ಯಂಟಿಬಯೋಟಿಕ್ ತಡೆಹಿಡಿಯಬಹುದು. ರಕ್ತದೊತ್ತಡ ಬೀಳುತ್ತಿದ್ದರೆ, ಮಗು ಮಂಕಾಗಿದ್ದರೆ ಒಂದು ನಿಮಿಷವೂ ತಡೆಯಬಾರದು.

ಥಿಯೇಟರಿನಲ್ಲಿ

ಪೂರ್ಣ ಅರಿವಳಿಕೆ, ಅಂಗಾತ ಮಲಗಿಸಿ ತೊಡೆಗೆ ರಕ್ತ ತಡೆಯುವ ಗಾಳಿಯ ಪಟ್ಟಿ, ಟೂರ್ನಿಕೆ. ಹುಡುಗನ ಮೇಲಿನ ರಕ್ತದೊತ್ತಡ 104 ಇತ್ತು, ಟೂರ್ನಿಕೆಗೆ 200 ಮಿ.ಮೀ. ಸಾಕಾಯಿತು. ಕಾಲನ್ನು ನಾಲ್ಕೈದು ನಿಮಿಷ ಎತ್ತಿ ಹಿಡಿದು ರಕ್ತ ಇಳಿಸಿದರೆ ಆಯಿತು. ರಬ್ಬರ್ ಪಟ್ಟಿ ಸುತ್ತಿ ಹಿಂಡುವ ರೂಢಿ ಇಲ್ಲಿ ಕೂಡದು, ಕೀವು ರಕ್ತಕ್ಕೆ ನುಗ್ಗುತ್ತದೆ.

ಕಣಕಾಲಿನ ಏಣಿನಿಂದ 1 ಸೆಂ.ಮೀ. ಒಳಗೆ, ಉದ್ದಕ್ಕೆ 5 ಸೆಂ.ಮೀ. ಕೊಯ್ತ. ಮೊಣಕಾಲ ಚಿಪ್ಪಿನ ಕೆಳಗಿನ ಗುಬುಟಿನ ಮೇಲೆ ಹೋಗಬಾರದು. ಅದೂ ಬೆಳವಣಿಗೆಯ ತಟ್ಟೆಯದೇ ಭಾಗ, ಅದಕ್ಕೆ ಪೆಟ್ಟಾದರೆ ಮುಂದೆ ಮೊಣಕಾಲು ಹಿಂದಕ್ಕೆ ಬಾಗುತ್ತ ಹೋಗುತ್ತದೆ. ಚರ್ಮವನ್ನು ಅಡಿಯಿಂದ ಬಿಡಿಸುತ್ತ ಹೋಗದೆ ನೇರವಾಗಿ ಮೇಲ್ಪೊರೆಗೆ ಇಳಿಯಬೇಕು, ಏಕೆಂದರೆ ಈ ಜಾಗದಲ್ಲಿ ಎಲುಬಿನ ಮೇಲೆ ಮಾಂಸವಿಲ್ಲ, ಚರ್ಮ ಸತ್ತರೆ ಮುಚ್ಚಲು ಏನೂ ಉಳಿಯದು. ಒಳಬದಿಯ ಉದ್ದ ಸಿರೆ, ಅದರ ಪಕ್ಕದ ನರ, ಸ್ನಾಯುರಜ್ಜುಗಳನ್ನು ಹಿಂದಕ್ಕೆ ಸರಿಸಿದರು.

ಮೇಲ್ಪೊರೆ ಬಿಗಿದು ಉಬ್ಬಿತ್ತು. ಅದನ್ನು ಕೊಯ್ಯುವ ಮೊದಲು 18 ಗೇಜ್ ಸೂಜಿಯಿಂದ ಎಳೆದಾಗ 12 ಮಿ.ಲೀ. ದಪ್ಪ ಕೀವು ಬಂತು. ಕೀವನ್ನು ದ್ರವವಾಗಿಯೇ ಲ್ಯಾಬಿಗೆ ಕಳಿಸಬೇಕು. ಹತ್ತಿಕಡ್ಡಿಗೆ ಹತ್ತುವುದು ಅದರ ಸಣ್ಣ ಪಾಲು ಮಾತ್ರ, ಅದೂ ಒಣಗಿಹೋಗುತ್ತದೆ. ನಂತರ ಉದ್ದಕ್ಕೆ ಮೇಲ್ಪೊರೆ ಬಿಡಿಸಿ ಉಳಿದ ಕೀವನ್ನು ಹೊರಬಿಟ್ಟರು. ಕೀವು ಆಗಲೇ ಎಷ್ಟು ಎಬ್ಬಿಸಿದೆಯೋ ಅಷ್ಟೇ, ಅದಕ್ಕಿಂತ ಒಂದು ಎಳೆಯೂ ಹೆಚ್ಚು ಎಬ್ಬಿಸಬಾರದು. ಎಲುಬಿಗೆ ಹೊರಗಿನಿಂದ ಉಳಿದಿರುವ ರಕ್ತ ಇನ್ನೂ ಅಂಟಿರುವ ಮೇಲ್ಪೊರೆಯಿಂದಲೇ ಬರಬೇಕು.

ಇನ್ನು ಡ್ರಿಲ್. ಒಳಗೂ ಕೀವಿದೆಯೇ ಎಂದು ನೋಡದೆ ಹೊರಗಿನದನ್ನಷ್ಟೇ ತೊಳೆದು ಹೊಲಿದರೆ ಮೂರನೇ ದಿನ ಜ್ವರ ಮರಳುತ್ತದೆ. ಮೊದಲು ಸಿ-ಆರ್ಮ್ (ಥಿಯೇಟರಿನಲ್ಲೇ ಎಕ್ಸ್‌ರೇ ತೋರಿಸುವ ಯಂತ್ರ) ಅಡಿಯಲ್ಲಿ ಒಂದು ಸೂಜಿ ಚುಚ್ಚಿ ಬೆಳವಣಿಗೆಯ ತಟ್ಟೆ ಎಲ್ಲಿದೆ ಎಂದು ಗುರುತಿಸಿಕೊಂಡರು. ಅದರಿಂದ 1.5 ಸೆಂ.ಮೀ. ಕೆಳಗೆ 3.2 ಮಿ.ಮೀ. ಡ್ರಿಲ್ಲಿನಿಂದ ಮೊದಲ ತೂತು, ಹೊರಗೋಡೆ ದಾಟಿದ ಕೂಡಲೇ ಬಿಟ್ಟಿನ ಪಕ್ಕದಿಂದ ಕೀವು ಉಕ್ಕಿತು. ಮೊದಲ ತೂತಿನಲ್ಲಿ ಏನೂ ಬಾರದಿದ್ದರೆ ಕೆಳಗೆ ಇನ್ನೆರಡು ಹಾಕಿ ನೋಡಬೇಕು, ಆಗಲೂ ಇಲ್ಲವಾದರೆ ಎಲುಬು ತೆರೆಯುವ ಅಗತ್ಯವಿಲ್ಲ. ಇಲ್ಲಿ ಕೀವು ಬಂದದ್ದರಿಂದ ತೂತುಗಳನ್ನು ಸೇರಿಸಿ 1 ಸೆಂ.ಮೀ. ಅಗಲ, 2 ಸೆಂ.ಮೀ. ಉದ್ದದ ಕಿಟಕಿ ಮಾಡಿದರು. ಕಿಟಕಿ ಮೊಟ್ಟೆಯಾಕಾರ ಇರಬೇಕು. ಚೌಕ ಕೊರೆದರೆ ಮೂಲೆಗಳಲ್ಲಿ ಭಾರ ಸೇರಿ ಮಗು ಕಾಲೂರಿದ ದಿನ ಅಲ್ಲಿಂದಲೇ ಎಲುಬು ಸೀಳುತ್ತದೆ. ಕೆರೆಯುವ ಚಮಚದಂಥ ಕ್ಯೂರೆಟನ್ನು ಕೆಳಮುಖವಾಗಿ, ಮಜ್ಜೆಯ ಕಡೆಗಷ್ಟೇ ಮೆಲ್ಲಗೆ ಆಡಿಸಬೇಕು. ಮೇಲ್ಮುಖ ಕೆರೆದರೆ ಸಿಗುವುದು ಬೆಳವಣಿಗೆಯ ತಟ್ಟೆ, ಅದಕ್ಕಾದ ಗಾಯ ಹುಡುಗ ಹದಿನಾರರವನಾಗುವ ತನಕ ಕಾಲನ್ನು ಸೊಟ್ಟ ಮಾಡುತ್ತಲೇ ಇರುತ್ತದೆ.

ಕೆರೆದು ತೆಗೆದ ಎಲುಬು, ಮಾಂಸಾಂಕುರಗಳನ್ನು ಎರಡು ಪಾಲು ಮಾಡಿದರು. ಒಂದು ಸಲೈನ್ ಹಾಕಿದ ಸ್ಟೆರೈಲ್ ಡಬ್ಬಿಯಲ್ಲಿ ಕಲ್ಚರಿಗೆ, ಇನ್ನೊಂದು ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಡುವುದು ಆಗಾಗ ಆಗುವ ಅನಾಹುತ, ಕ್ರಿಮಿ ಅಲ್ಲೇ ಸಾಯುತ್ತದೆ, ಕಲ್ಚರ್ ಎಂದೂ ಬೆಳೆಯದು. ಪೆಥಾಲಜಿಯನ್ನೂ ಬಿಡುವಂತಿಲ್ಲ. ಮಕ್ಕಳ ಯೂಯಿಂಗ್ ಸಾರ್ಕೋಮಾ ಎಂಬ ಎಲುಬಿನ ಕ್ಯಾನ್ಸರ್ ಜ್ವರ, ಊತ, ಕೀವಿನಂಥ ದ್ರವದೊಂದಿಗೆ ಥೇಟ್ ಸೋಂಕಿನಂತೆಯೇ ಬರಬಲ್ಲದು.

ತೊಳೆಯಲು 3 ಲೀಟರ್ ಸಲೈನ್, ಬಾಟಲಿ ಎತ್ತರದಲ್ಲಿಟ್ಟು ತಾನಾಗಿ ಹರಿಯುವಂತೆ. ಜೋರು ಒತ್ತಡದ ಯಂತ್ರ ಕೊಳೆಯನ್ನು ಮಜ್ಜೆಯೊಳಗೆ ತಳ್ಳುತ್ತದೆ. ಹೈಡ್ರೋಜನ್ ಪೆರಾಕ್ಸೈಡನ್ನು ಎಲುಬಿನ ಕುಳಿಗೆ ಸುರಿಯಲೇಬಾರದು, ಗುಳ್ಳೆಗಳು ಸಿರೆಗೆ ಸೇರಿ ಜೀವಕ್ಕೇ ಅಪಾಯ. ಟೂರ್ನಿಕೆ ಬಿಟ್ಟು ರಕ್ತಸ್ರಾವ ನಿಲ್ಲಿಸಿ, ಮೇಲ್ಪೊರೆಯನ್ನು ಹೊಲಿಯದೆ ಹಾಗೇ ಬಿಟ್ಟು, ಉಳಿದ ದ್ರವ ಹೊರಹರಿಯಲು 10 ಫ್ರೆಂಚ್ ಅಳತೆಯ ಡ್ರೈನ್ ನಳಿಕೆ ಇಟ್ಟು ಚರ್ಮಕ್ಕೆ ಸಡಿಲ ಹೊಲಿಗೆ ಹಾಕಿದರು. ಮೊಣಕಾಲನ್ನು 20 ಡಿಗ್ರಿ ಮಡಚಿ, ಪಾದವನ್ನು ನೇರಕ್ಕಿಟ್ಟು ತೊಡೆಯವರೆಗೆ ಹಿಂಬದಿಯ ಪ್ಲಾಸ್ಟರ್ ಪಟ್ಟಿ. ಸೆಫಜೋಲಿನ್ ಎಂಬ ಆ್ಯಂಟಿಬಯೋಟಿಕ್ 1.2 ಗ್ರಾಂ ಎಂಟು ಗಂಟೆಗೊಮ್ಮೆ ಶುರುವಾಯಿತು. ಈ ವಯಸ್ಸಿನಲ್ಲಿ ಅತಿ ಹೆಚ್ಚು ಕಾಣುವುದು ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಕ್ರಿಮಿ, ಆದ್ದರಿಂದ ಮೊದಲ ಔಷಧಿ ಅದನ್ನು ಗುರಿಯಾಗಿಟ್ಟೇ ಇರಬೇಕು.

ಇಳಿಯದ ಸಿಆರ್‌ಪಿ

ಸ್ಟೆಫಿಲೊಕಾಕಸ್ ಆಗಿದ್ದರೆ, ಕೀವು ಹೊರಹೋದ ಮೇಲೆ ಸಿಆರ್‌ಪಿ ಎರಡನೇ ದಿನದಿಂದ ಇಳಿಯತೊಡಗಿ ನಾಲ್ಕೈದು ದಿನದಲ್ಲಿ ಅರ್ಧಕ್ಕೆ ಬರುತ್ತದೆ. ಆಗ ಬಾಯಿಯ ಔಷಧಿಗೆ ಬದಲಾಯಿಸಿ, ಒಟ್ಟು ಮೂರರಿಂದ ಆರು ವಾರದಲ್ಲಿ ಮುಗಿಸಬಹುದು. ಇವನಲ್ಲಿ ಮೂರನೇ ದಿನವೂ ಜ್ವರ 39ರ ಮೇಲೆಯೇ. ಸಿಆರ್‌ಪಿ 148ರಿಂದ 131ಕ್ಕೆ ಬಂದು ಮತ್ತೆ 142.

ಇಂಥ ಹೊತ್ತಲ್ಲಿ ಕೈ ತಾನಾಗಿ ಇನ್ನೂ ಜೋರಿನ ಆ್ಯಂಟಿಬಯೋಟಿಕ್ ಬರೆಯಲು ಹೋಗುತ್ತದೆ. ಅದಕ್ಕೆ ಮೊದಲು ಕೇಳಬೇಕಾದದ್ದು ಮೂರು: ಕೀವು ಎಲ್ಲಾದರೂ ಉಳಿದಿದೆಯೇ, ಬೇರೆ ಜಾಗದಲ್ಲಿ ಸೋಂಕಿದೆಯೇ, ಕ್ರಿಮಿಯೇ ಬೇರೆಯೇ. ಇವನಲ್ಲಿ ಮೂರಕ್ಕೂ ಹೌದು ಎಂಬ ಉತ್ತರ ಬಂತು. ಕಾಲಿನ ಅಲ್ಟ್ರಾಸೌಂಡ್‌ನಲ್ಲಿ ಕಣಕಾಲಿನ ಹಿಂಬದಿ, ಮಾಂಸದಡಿ 2 ಸೆಂ.ಮೀ. ಕೀವಿನ ಗೂಡು. ಹೊಟ್ಟೆಯ ಸ್ಕ್ಯಾನಿನಲ್ಲಿ ಗುಲ್ಮದಲ್ಲಿ (ಸ್ಪ್ಲೀನ್) ಚಿಕ್ಕ ಚಿಕ್ಕ ಹಲವು ಕೀವಿನ ಹುಣ್ಣು. ಲ್ಯಾಬಿನಿಂದ 48 ಗಂಟೆಗೆ ಬಂದ ಮಾತು: ಗ್ರಾಮ್ ನೆಗೆಟಿವ್ ಕಡ್ಡಿಯಾಕಾರದ ಕ್ರಿಮಿ, ಆಕ್ಸಿಡೇಸ್ ಪಾಸಿಟಿವ್ (ಕ್ರಿಮಿಯ ಗುಂಪು ಗುರುತಿಸುವ ಪರೀಕ್ಷೆಗಳಿವು), ಅಂದರೆ ಸ್ಟೆಫಿಲೊಕಾಕಸ್ ಅಲ್ಲ, 'ಸ್ಯೂಡೊಮೊನಾಸ್ ಇರಬಹುದು'.

ಕರಾವಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಈ 'ಇರಬಹುದು'ವನ್ನು ಹಾಗೇ ಒಪ್ಪಿಕೊಳ್ಳಬಾರದು. ಲ್ಯಾಬ್ ಪರೀಕ್ಷಿಸಿ ನೋಡಿದ ಔಷಧಿಗಳ ಪಟ್ಟಿಯಲ್ಲಿ ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಕ್ರಿಮಿ ಬಗ್ಗಿರಲಿಲ್ಲ, ಆದರೆ ಅಮಾಕ್ಸಿಸಿಲಿನ್–ಕ್ಲಾವುಲನೇಟ್‌ಗೆ ಬಗ್ಗಿತ್ತು. ಸಾಮಾನ್ಯ ಸ್ಯೂಡೊಮೊನಾಸ್ ನಡೆದುಕೊಳ್ಳುವುದು ಇದಕ್ಕೆ ಸರಿಯಾಗಿ ಉಲ್ಟಾ. ಈ ಮೂರು ಸಾಲು ಒಟ್ಟಿಗೆ ಕಂಡರೆ ಬರ್ಖೋಲ್ಡೇರಿಯಾ ಸ್ಯೂಡೋಮಲ್ಲೈ, ಅಂದರೆ ಮೆಲಿಯಾಯ್ಡೋಸಿಸ್ ಎಂದೇ ಮೊದಲು ಎಣಿಸಬೇಕು. 1912ರಲ್ಲಿ ರಂಗೂನಿನಿಂದ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಮೊದಲು ವರದಿ ಮಾಡಿದ ಈ ಸೋಂಕು ನಮ್ಮ ಕರಾವಳಿಯ ಮಣ್ಣು, ನೀರಿನದೇ. ಗಾಯದ ಮೂಲಕ, ಉಸಿರಿನ ಮೂಲಕ, ಕುಡಿಯುವ ನೀರಿನ ಮೂಲಕ ಒಳಬರುತ್ತದೆ. ದೊಡ್ಡವರಲ್ಲಿ ಹೆಚ್ಚಾಗಿ ಸಕ್ಕರೆ ಕಾಯಿಲೆ ಇದ್ದವರನ್ನು ಹಿಡಿಯುತ್ತದೆ, ಮಕ್ಕಳಲ್ಲಿ ಮಾತ್ರ ಯಾವ ಹಿನ್ನೆಲೆಯೂ ಇಲ್ಲದ ಗಟ್ಟಿಮುಟ್ಟು ಮಗುವಿಗೂ ಬರುತ್ತದೆ. ಸೆಫಜೋಲಿನ್ ಇದಕ್ಕೆ ಏನೂ ಮಾಡದು. ಸೆಫ್ಟ್ರಿಯಾಕ್ಸೋನ್ ಅರೆಬರೆ ತಡೆದು ಜ್ವರವನ್ನು ಎರಡು ದಿನ ಮರೆಮಾಡುತ್ತದೆ, ಗುಣಪಡಿಸುವುದಿಲ್ಲ. ಊರಿನಲ್ಲಿ ಆದದ್ದು ಅದೇ.

ಲ್ಯಾಬಿಗೆ ಫೋನ್ ಮಾಡಿ ಶಂಕೆ ತಿಳಿಸಿದ್ದು ಎರಡು ಕಾರಣಕ್ಕೆ. ತಂತ್ರಜ್ಞರು ಸೇಫ್ಟಿ ಕ್ಯಾಬಿನೆಟ್ಟಿನೊಳಗೇ ಕಲ್ಚರಿನ ತಟ್ಟೆ ತೆರೆಯಬೇಕು, ಈ ಕ್ರಿಮಿ ಉಸಿರಿನಲ್ಲಿ ಹೋಗಬಲ್ಲದು. ಮತ್ತೆ, ತಟ್ಟೆಯನ್ನು ಎರಡನೇ ದಿನಕ್ಕೇ ಎಸೆಯದೆ ಇನ್ನಷ್ಟು ದಿನ ಇಡಬೇಕು. ಮೂರನೇ ದಿನ ಒಣಗಿ ಸುಕ್ಕುಗಟ್ಟಿದ ಕಾಲೊನಿಗಳು ಕಾಣಿಸಿದವು. ಮಣಿಪಾಲದಂಥ ದೊಡ್ಡ ಕೇಂದ್ರಕ್ಕೆ ಕಳಿಸಿದ ಮಾದರಿಯಲ್ಲಿ ಹೆಸರು ಖಚಿತವಾಯಿತು. ಅದಕ್ಕೆ ಕಾಯದೆ ಅಂದೇ ಔಷಧಿ ಬದಲಾಗಿತ್ತು: ಸೆಫ್ಟಾಜಿಡೈಮ್ 1.2 ಗ್ರಾಂ ಆರು ಗಂಟೆಗೊಮ್ಮೆ ರಕ್ತನಾಳಕ್ಕೆ. ಎಲುಬಿಗೆ ತಗುಲಿದ್ದರಿಂದ ಜೊತೆಗೇ ಕೋಟ್ರೈಮಾಕ್ಸಜೋಲ್, ಅದರಲ್ಲಿರುವ ಟ್ರೈಮೆಥೊಪ್ರಿಮ್ ಅಂಶದ ಲೆಕ್ಕದಲ್ಲಿ ಕಿಲೊಗೆ 6 ಮಿ.ಗ್ರಾಂ., ದಿನಕ್ಕೆರಡು ಬಾರಿ. 5 ಮಿ.ಲೀ.ನಲ್ಲಿ 40 ಮಿ.ಗ್ರಾಂ. ಇರುವ ಮಕ್ಕಳ ಸಿರಪ್ಪಿನಲ್ಲಿ ಅದು ಒಂದು ಹೊತ್ತಿಗೆ 18 ಮಿ.ಲೀ. ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚಿದು, ಔಷಧಿ ಅಂಗಡಿಯವರು 'ತಪ್ಪು ಬರೆದಿದ್ದಾರೆ' ಎಂದು ಕಡಿಮೆ ಮಾಡಿ ಹೇಳುವುದುಂಟು. ಹಾಗಾಗಿ ಚೀಟಿಯ ಮೇಲೆ ಕಾಯಿಲೆಯ ಹೆಸರನ್ನೂ ಬರೆಯಬೇಕು. ಶುರುವಿಗೆ ಮುನ್ನ ಕೆಂಪು ರಕ್ತಕಣದ ಕಿಣ್ವವಾದ ಜಿ6ಪಿಡಿಯ ಪರೀಕ್ಷೆ, ಆಮೇಲೆ ಮೊದಲ ವಾರಗಳಲ್ಲಿ ವಾರಕ್ಕೊಮ್ಮೆ ರಕ್ತಕಣ, ಕ್ರಿಯಾಟಿನಿನ್, ಪೊಟ್ಯಾಶಿಯಂ. ಜೊತೆಗೆ ಫೋಲಿಕ್ ಆಸಿಡ್.

ಐದನೇ ದಿನ ಮತ್ತೆ ಥಿಯೇಟರ್. ಹಳೆಯ ಗಾಯ ಬಿಡಿಸಿ, ಎಲುಬಿನ ಒಳ ಅಂಚಿನಿಂದ ಹಿಂದಕ್ಕೆ ಬೆರಳು ತೂರಿಸಿ, ಎಲುಬಿಗೆ ಅಂಟಿಕೊಂಡೇ ಹೋಗಿ ಹಿಂಬದಿಯ ಗೂಡು ತೆರೆದರು. ಎಲುಬು ಬಿಟ್ಟು ಹಿಂದೆ ಸರಿದರೆ ಅಲ್ಲಿ ದೊಡ್ಡ ರಕ್ತನಾಳ, ನರ. ಕುಳಿಯನ್ನು ಮತ್ತೆ ತೊಳೆದು, ಮಾದರಿ ಮತ್ತೆ ಕಳಿಸಿದರು. 'ಕ್ರಿಮಿ ಯಾವುದೆಂದು ಗೊತ್ತಲ್ಲ, ಮತ್ತೇಕೆ' ಎಂದು ಇದನ್ನು ಬಿಡುವವರಿದ್ದಾರೆ. ಮೆಲಿಯಾಯ್ಡೋಸಿಸ್‌ನಲ್ಲಿ ಇಂಜೆಕ್ಷನ್ನಿನ ದಿನಗಳನ್ನು ಎಣಿಸುವುದು ಕ್ರಿಮಿ ಬೆಳೆದ ಕೊನೆಯ ಕೀವು ತೆಗೆದ ದಿನದಿಂದ. ಮಾದರಿ ಕಳಿಸದಿದ್ದರೂ ಕ್ರಿಮಿ ಇತ್ತೆಂದೇ ಲೆಕ್ಕ. ಎರಡನೇ ಮಾದರಿಯಲ್ಲೂ ಅದೇ ಬೆಳೆಯಿತು, ಹಾಗಾಗಿ ಎಲುಬಿಗೆ ಬೇಕಾದ ಆರು ವಾರದ ಎಣಿಕೆ ಎರಡನೇ ಶಸ್ತ್ರಕ್ರಿಯೆಯಿಂದ ಶುರುವಾಯಿತು. ಗುಲ್ಮದ ಸಣ್ಣ ಹುಣ್ಣುಗಳಿಗೆ ಕತ್ತಿ ಬೇಡ, ಔಷಧಿಯಲ್ಲೇ ಕರಗುತ್ತವೆ.

ಸರಿಯಾದ ಔಷಧಿ ಶುರುವಾದ ಮೇಲೂ ಜ್ವರ ನಿಲ್ಲಲು ಒಂಬತ್ತು ದಿನ ಹಿಡಿಯಿತು. ಈ ಕಾಯಿಲೆಯಲ್ಲಿ ಅದು ಸಹಜ. ಈ ದಿನಗಳೇ ತಂದೆತಾಯಿಗೆ ಅತ್ಯಂತ ಕಷ್ಟದವು, ಮಗುವನ್ನು ಬೇರೆ ಆಸ್ಪತ್ರೆಗೆ ಎತ್ತಿಕೊಂಡು ಹೋಗುವುದೂ ಆಗಲೇ. ಮೊದಲೇ ಕೂರಿಸಿ ಹೇಳಿದರೆ ತಡೆದುಕೊಳ್ಳುತ್ತಾರೆ: ಜ್ವರ ವಾರ ಮೀರಬಹುದು, ನಾವು ನೋಡುವುದು ಸಿಆರ್‌ಪಿ ಇಳಿಯುತ್ತಿದೆಯೇ, ಹಸಿವು ಮರಳುತ್ತಿದೆಯೇ, ಹೊಸ ಜಾಗದಲ್ಲಿ ನೋವು ಬಂದಿದೆಯೇ ಎಂಬುದನ್ನು. ಇವನ ಸಿಆರ್‌ಪಿ ಮುಂದಿನ ಹತ್ತು ದಿನದಲ್ಲಿ 142ರಿಂದ 40ಕ್ಕೆ ಇಳಿಯಿತು.

ಆರು ವಾರ, ಆರು ತಿಂಗಳು

ಆರು ವಾರ ಆರು ಗಂಟೆಗೊಮ್ಮೆ ಇಂಜೆಕ್ಷನ್ ಎಂದರೆ ಕೈಯ ಸಣ್ಣ ಸಿರೆಗಳು ಒಂದು ವಾರದಲ್ಲೇ ಮುಗಿಯುತ್ತವೆ. ಎರಡನೇ ಅರಿವಳಿಕೆಯಲ್ಲೇ ತೋಳಿನಿಂದ ದೊಡ್ಡ ಸಿರೆಯವರೆಗೆ ಹೋಗುವ ಉದ್ದನೆಯ ನಳಿಕೆ, ಪಿಕ್ ಲೈನ್, ಹಾಕಿದ್ದು ಆ ಕಷ್ಟ ತಪ್ಪಿಸಿತು. ಕೊನೆಯ ವಾರಗಳಲ್ಲಿ ಮಗುವನ್ನು ಊರಿಗೆ ಹತ್ತಿರದ ಆಸ್ಪತ್ರೆಗೆ ವರ್ಗಾಯಿಸಬಹುದು, ರಾತ್ರಿ ಎರಡು ಗಂಟೆಯ ಡೋಸನ್ನೂ ತಪ್ಪದೆ ಕೊಡುವವರಿದ್ದರೆ ಮಾತ್ರ. ನಂತರ ಆರು ತಿಂಗಳು ಕೋಟ್ರೈಮಾಕ್ಸಜೋಲ್ ಒಂದೇ. ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಈ ಹಂತದಲ್ಲಿ, ಓಡಾಡುವ ಮಗುವಿಗೆ ಔಷಧಿ ಏಕೆಂದು ನಿಲ್ಲಿಸಿದಾಗ. ಮೈಮೇಲೆ ಕೆಂಪು ಗಂಧೆ ಎದ್ದರೆ ಮಾತ್ರ ಕೂಡಲೇ ನಿಲ್ಲಿಸಿ ತೋರಿಸಬೇಕು.

ಎರಡನೇ ವಾರದ ಎಕ್ಸ್‌ರೇಯಲ್ಲಿ ಎದ್ದ ಮೇಲ್ಪೊರೆಯಡಿ ಹೊಸ ಎಲುಬಿನ ತೆಳು ಗೆರೆ, ಆರನೇ ವಾರಕ್ಕೆ ಕಿಟಕಿಯ ಅಂಚು ಮಸುಕು, ಬೇರ್ಪಟ್ಟ ಸತ್ತ ತುಂಡು ಇಲ್ಲ. ಮೊಣಕಾಲು ಮಡಚುವ ವ್ಯಾಯಾಮ ಮೂರನೇ ವಾರದಿಂದಲೇ, ಕಾಲಿಗೆ ಭಾರ ಮಾತ್ರ ಇಲ್ಲ. ಬಗಲುಗೋಲಿನಲ್ಲಿ ಪಾದ ತಾಗಿಸಿ ನಡೆಯಲು ಎಂಟನೇ ವಾರದಿಂದ, ಪೂರ್ತಿ ಭಾರ ಕಿಟಕಿ ಎರಡೂ ದಿಕ್ಕಿನ ಎಕ್ಸ್‌ರೇಯಲ್ಲಿ ತುಂಬಿದ ಮೇಲೆ, ಸುಮಾರು ಹನ್ನೆರಡನೇ ವಾರಕ್ಕೆ. ಗಾಯ ಒಣಗಿತು, ನೋವಿಲ್ಲ ಎಂದು ಮಗು ತಾನೇ ಓಡಲು ಶುರುಮಾಡುವುದು ಐದಾರನೇ ವಾರದಲ್ಲಿ. ಎಲುಬು ಮುರಿಯುವುದೂ ಆಗಲೇ.

ಮಳೆಗಾಲದಲ್ಲಿ ಗದ್ದೆಗೆ ಇಳಿಯುವಾಗ ಗಂಬೂಟು, ಕಾಲಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯದಿರುವುದು, ಕುದಿಸಿದ ನೀರು: ಇವಿಷ್ಟು ಮನೆಯವರಿಗೆ. ಶಸ್ತ್ರವೈದ್ಯರಿಗೆ ಉಳಿದದ್ದು ಆರು ತಿಂಗಳಿಗೊಮ್ಮೆ, ಕನಿಷ್ಠ ಎರಡು ವರ್ಷ, ಎರಡೂ ಕಾಲಿನ ಉದ್ದದ ಅಳತೆ ಮತ್ತು ಮೊಣಕಾಲಿನ ಎಕ್ಸ್‌ರೇ. ಸೋಂಕಿನಿಂದ ಹೆಚ್ಚಿದ ರಕ್ತದ ಹರಿವಿಗೆ ಕಾಲು ಅರ್ಧ ಸೆಂ.ಮೀ. ಉದ್ದ ಬೆಳೆದರೆ ಚಿಂತೆಯಿಲ್ಲ. ಬೆಳವಣಿಗೆಯ ತಟ್ಟೆಯ ಕೆಳಗೆ ಎಕ್ಸ್‌ರೇಯಲ್ಲಿ ಮೂಡುವ ಬಿಳಿ ಗೆರೆ ತಟ್ಟೆಗೆ ಸಮಾನಾಂತರವಾಗಿ ದೂರ ಸರಿಯುತ್ತಿದ್ದರೆ ಬೆಳವಣಿಗೆ ಸರಿ ಇದೆ. ಒಂದು ಬದಿ ತಟ್ಟೆಗೆ ಅಂಟಿಕೊಂಡು ಓರೆಯಾಗಿದ್ದರೆ ಅಲ್ಲಿ ಎಲುಬಿನ ಸೇತುವೆ ಕಟ್ಟಿದೆ ಎಂದರ್ಥ. ಕಾಲು ಸೊಟ್ಟಗಾಗಿ ಕಣ್ಣಿಗೆ ಕಾಣುವ ಮೊದಲೇ ಆ ಮಗುವನ್ನು ಮಕ್ಕಳ ಮೂಳೆ ಶಸ್ತ್ರವೈದ್ಯರಿರುವ ಕೇಂದ್ರಕ್ಕೆ ಕಳಿಸಬೇಕು, ಸೇತುವೆ ಚಿಕ್ಕದಿರುವಾಗ ತೆಗೆದುಹಾಕಬಹುದು.